ಬೇಲಿಗೆ ಬಿಟ್ಟ ಕರೆಂಟು ಮತ್ತು ಆತ್ಮರಕ್ಷಣೆಯ ಹಕ್ಕು

ಅಡಿಕೆ ಕೊಯ್ಲು ಹತ್ತಿರವಾದಾಗ ಚನ್ನಗಿರಿ ಕಡೆಯ ನೆಂಟರು ದಾವಣಗೆರೆಗೆ ಬಂದರೆ ನನ್ನ ವಕೀಲಿ ಕಚೇರಿಗೂ ಒಮ್ಮೆ ಬಂದು ಹೋಗುತ್ತಾರೆ. ಈ ಸಲ ದೊಡ್ಡಪ್ಪನವರು ಚಹಾ ಮುಗಿಸುವ ಮೊದಲೇ ಕೇಳಿದರು: "ರಾತ್ರಿ ಹಸಿ ಗೊನೆ ಕದಿಯೋರ ಕಾಟ ಜಾಸ್ತಿ ಆಗೇತಿ. ಬೇಲಿಗೆ ಕರೆಂಟ್ ಬಿಟ್ರೆ ತಪ್ಪೇನಪ್ಪ? ತೋಟ ನಮ್ದು, ಬೇಲಿ ನಮ್ದು."

ಕೃತ್ಯದ ಜೊತೆಗೆ ಅದರ ಹಿಂದಿನ ಮನಸ್ಸನ್ನೂ ಕಾನೂನು ನೋಡುತ್ತದೆ. ಆ ಮನಸ್ಸು ಕೊಲ್ಲುವ ಉದ್ದೇಶವೇ ಆಗಿರಬೇಕೆಂದಿಲ್ಲ. ತಂತಿ ಮುಟ್ಟಿದವನು ಸಾಯಬಹುದೆಂದು ಗೊತ್ತಿದ್ದೂ ಸಂಪರ್ಕ ಕೊಟ್ಟರೆ ಆ ಅರಿವೇ ಸಾಕು, ಪ್ರಕರಣ ಭಾರತೀಯ ನ್ಯಾಯ ಸಂಹಿತೆಯ 105ನೇ ಕಲಮಿನ, ಅಂದರೆ ಕೊಲೆ ಎನಿಸದ ನರಹತ್ಯೆಯವರೆಗೂ ಹೋಗಬಹುದು. ಬರೀ ನಿರ್ಲಕ್ಷ್ಯವೆಂದು ತೀರ್ಮಾನವಾದರೂ 106ನೇ ಕಲಮಿನಡಿ 5 ವರ್ಷಗಳವರೆಗೆ ಸೆರೆವಾಸವಿದೆ. ಹಳೆಯ ದಂಡ ಸಂಹಿತೆಯಲ್ಲಿ ಅದು 2 ವರ್ಷವಿತ್ತು. "ನಾನು ಹೆದರಿಸಲೆಂದು ಮಾಡಿದೆ" ಎಂಬ ಮಾತು ಉದ್ದೇಶವನ್ನು ಅಲ್ಲಗಳೆಯಬಹುದು, ಅರಿವನ್ನಲ್ಲ.

ಹಾಗಾದರೆ ಆತ್ಮರಕ್ಷಣೆಯ ಹಕ್ಕು? ಅದು ಆಸ್ತಿಗೂ ಉಂಟು, ನಿಜ. ಆದರೆ ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕು ಇಲ್ಲ, ಇದ್ದಾಗಲೂ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂದು 37ನೇ ಕಲಮು ಹೇಳುತ್ತದೆ. ದರೋಡೆ, ಸೂರ್ಯಾಸ್ತದ ನಂತರದ ಕನ್ನಗಳವು, ಮನೆಗೆ ಅಥವಾ ಉಗ್ರಾಣಕ್ಕೆ ಬೆಂಕಿ, ಇಲ್ಲವೇ ಪ್ರಾಣಭಯ ಅಥವಾ ತೀವ್ರ ಗಾಯದ ಭಯ ಹುಟ್ಟಿಸುವಂಥ ಕಳ್ಳತನದಂಥ ಕೃತ್ಯ ಇವುಗಳ ಹೊರತು, ಆಸ್ತಿ ಉಳಿಸಲು ಪ್ರಾಣ ತೆಗೆಯುವ ಹಕ್ಕು ಯಾರಿಗೂ ಇಲ್ಲ. ತೋಟದೊಳಗೆ ನಿಂತ ಮನುಷ್ಯನಾದರೆ ಎದುರಿಗಿರುವವನು ಕತ್ತಿ ಹಿಡಿದ ಕಳ್ಳನೋ ತಪ್ಪಿಸಿಕೊಂಡ ಎಮ್ಮೆ ಹುಡುಕುತ್ತ ಬಂದ ಪಕ್ಕದ ಹೊಲದ ಹುಡುಗನೋ ಎಂದು ನೋಡಿ ಕೈ ತಡೆಯಬಲ್ಲ. ತಂತಿಗೆ ಆ ಶಕ್ತಿಯಿಲ್ಲ. ನನ್ನ ಮಟ್ಟಿಗೆ ಇಡೀ ವಾದ ಬೀಳುವುದು ಇಲ್ಲಿಯೇ.

ಇದು ಹೊಸ ಪ್ರಶ್ನೆಯೂ ಅಲ್ಲ. ಚೆರೂಬಿನ್ ಗ್ರೆಗರಿ ಪ್ರಕರಣದಲ್ಲಿ ಬಿಹಾರದ ಒಬ್ಬಾತ ನೆರೆಹೊರೆಯವರು ತನ್ನ ಪಾಯಖಾನೆಯನ್ನು ಬಳಸಬಾರದೆಂದು ದಾರಿಗೆ ವಿದ್ಯುತ್ ತಂತಿ ಎಳೆದಿದ್ದ. ನೆರೆಮನೆಯ ಪಾಯಖಾನೆಯ ಗೋಡೆ ಬಿದ್ದಿದ್ದರಿಂದ ಆತನ ಪಾಯಖಾನೆಗೆ ಹೋದ ಆ ಮನೆಯ ಹೆಂಗಸು ತಂತಿ ತಗುಲಿ ಸತ್ತಳು. ಅತಿಕ್ರಮ ಪ್ರವೇಶ ಮಾಡಿದವಳಲ್ಲವೇ ಎಂಬ ವಾದವನ್ನು ಸುಪ್ರೀಂ ಕೋರ್ಟ್ 1963ರಲ್ಲಿ ಒಪ್ಪದೆ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಲ್ಲಿ ಎಚ್ಚರಿಕೆಯ ಫಲಕವೂ ಇರಲಿಲ್ಲ.

ಇನ್ನೊಂದು ಮಾತು. ಅಪರಾಧವನ್ನು ಸಾಬೀತುಪಡಿಸುವ ಹೊಣೆ ಸರ್ಕಾರದ್ದೇ, ಆದರೆ ಆತ್ಮರಕ್ಷಣೆಯಂಥ ವಿನಾಯಿತಿಯನ್ನು ತೋರಿಸಬೇಕಾದವನು ಆರೋಪಿ. ಸಂಶಯಕ್ಕೆ ಎಡೆಯಿಲ್ಲದಷ್ಟು ಬೇಡ, ಸಂಭವನೀಯವೆಂದು ತೋರಿದರೆ ಸಾಕು. ನಿದ್ದೆಯಲ್ಲಿದ್ದಾಗ ಬೇಲಿಯಲ್ಲಿ ಏನು ನಡೆಯಿತೆಂದು ದೊಡ್ಡಪ್ಪ ಯಾವ ಸಾಕ್ಷಿ ಹೇಳಿಯಾರು?

ಅವರು ಲೋಟ ಕೆಳಗಿಟ್ಟು, ಹಾಗಾದರೆ ರಾತ್ರಿ ಕಾವಲಿನವನ ಕೂಲಿಯನ್ನು ಫಸಲು ಗುತ್ತಿಗೆ ಹಿಡಿದ ಚೇಣಿದಾರ ಕೊಡಬೇಕೋ ತಾವೋ ಎಂದು ಕೇಳಿದರು. ಕರಾರುಪತ್ರ ತಂದು ತೋರಿಸಿ ಎಂದೆ.