ಸ್ವಲ್ಪ ನಿಲ್ಸೋ

“ನಿಮ್ಮಪ್ಪನ ಮುಖ ನೋಡೋಷ್ಟರಲ್ಲಿ ಹೋಗಿಬಿಡ್ತಲ್ಲೋ. ಸ್ವಲ್ಪ ನಿಲ್ಸೋ.”

ಭಾನುವಾರ ನಾನು ಮಾಡಿದ ವಿಡಿಯೋ ನೋಡಿ ಅಮ್ಮ ಹೇಳಿದ ಈ ಮಾತು ವಾರವಿಡೀ ಕಿವಿಯಲ್ಲೇ ಇದೆ.

ಅಪ್ಪ ಹೋಗಿ ವರ್ಷವಾಗುತ್ತಾ ಬಂತು. ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಫೋನಿನಲ್ಲಿದ್ದ ವಿಡಿಯೋ ತುಣುಕುಗಳ ಜೊತೆ ಸೇರಿಸೋಣ ಅಂತ ಕೂತಿದ್ದೆ. ಮೊದಲು ಬಳಸಿದ ಫೋನ್ ಆ್ಯಪ್ ಎಲ್ಲವನ್ನೂ ತಾನೇ ಜೋಡಿಸಿಕೊಟ್ಟಿತು. ಹಾಡಿನ ತಾಳಕ್ಕೆ ಫೋಟೋಗಳು ಬಂದವು, ಹೋದವು. ಒಂದೊಂದಕ್ಕೆ ಎರಡು ಸೆಕೆಂಡ್ ಕೂಡ ಇಲ್ಲ. ಸಾಲದ್ದಕ್ಕೆ, ಅಪ್ಪ ಸೈಕಲ್ ಹಿಡಿದು ನಿಂತಿರುವ ಫೋಟೋದಲ್ಲಿ ತಲೆಯೇ ಇಲ್ಲ. ಕೈ ಮತ್ತು ಹ್ಯಾಂಡಲ್ ಮಾತ್ರ ಉಳಿದಿದ್ದವು. ಪರದೆಯ ಅಗಲ-ಎತ್ತರದ ಅನುಪಾತ 16:9, ಉದ್ದನೆಯ ಫೋಟೋದ್ದು 2:3. ಪರದೆ ತುಂಬಿಸಲು ಹೋದರೆ ಅರ್ಧಕ್ಕಿಂತ ಜಾಸ್ತಿ ಕತ್ತರಿಸಿ ಹೋಗುತ್ತದೆ.

“ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ಹಾಕ್ಕೋ, ಸಿನಿಮಾದವರೇ ಬಳಸ್ತಾರೆ” ಅಂದ ಗೆಳೆಯ. ಒಳ್ಳೆಯವನೇ, ಆದರೆ ಯಾರು ಏನು ಕೇಳಿದರೂ ತಾನು ಬಳಸುವುದನ್ನೇ ಹೇಳುತ್ತಾನೆ. ಅದರಲ್ಲಿ ಬಣ್ಣ ತಿದ್ದುವ ಸೌಲಭ್ಯ ಬಹಳ ಚೆನ್ನಾಗಿದೆ, ಉಚಿತ ಆವೃತ್ತಿಯೂ ಇದೆ. ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಅದಿಲ್ಲ.

ಕೊನೆಗೆ ಕೆಡೆನ್‌ಲೈವ್ ಅನ್ನುವ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಕೊಂಡೆ. ಪೂರ್ತಿ ಉಚಿತ. ತುಣುಕುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನಿಗೆ ಎಳೆದ ಫೋಟೋ 5 ಸೆಕೆಂಡ್ ಇರುತ್ತದೆ. ಅಂಚು ಹಿಡಿದು ಎಳೆದರೆ ಎಷ್ಟು ಬೇಕೋ ಅಷ್ಟು ಹೊತ್ತು. ಫೋಟೋ ಇಡಿಯಾಗಿ ಕಾಣುತ್ತದೆ, ಅಕ್ಕಪಕ್ಕ ಮಾತ್ರ ಕಪ್ಪು. ಕೆಳಗಿನ ಟ್ರ್ಯಾಕಿನಲ್ಲಿ ಅದೇ ಫೋಟೋವನ್ನು ದೊಡ್ಡದು ಮಾಡಿ, ಮಸುಕಾಗಿಸಿ ಇಟ್ಟರೆ ಆ ಕಪ್ಪೂ ಮುಚ್ಚಿಹೋಗುತ್ತದೆ. ಫೋನಿನ ವಿಡಿಯೋಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ಇಷ್ಟೇ ಫ್ರೇಮ್ (ಬಿಡಿ ಚಿತ್ರ) ಅಂತ ಇರುವುದಿಲ್ಲ, ಹಾಗಾಗಿ ತುಟಿಗೂ ಮಾತಿಗೂ ತಾಳ ತಪ್ಪಬಹುದು. ಅವನ್ನು ಮೊದಲೇ ಫ್ರೇಮ್ ಲೆಕ್ಕ ಒಂದೇ ಸಮ ಇರುವ ಫಾರ್ಮ್ಯಾಟಿಗೆ ಬದಲಿಸಿಕೊಂಡೆ. ಅಪ್ಪನ ನಗು ಜಾಗ ಬಿಟ್ಟು ಕೇಳಿಸಬಾರದು, ಅಲ್ವಾ?

ಕೆಲಸ ಮಾಡುತ್ತಿದ್ದಷ್ಟು ಹೊತ್ತೂ ಅದೇ ಮಾತು. ಸ್ವಲ್ಪ ನಿಲ್ಸೋ. ವಿಡಿಯೋ ತನ್ನ ವೇಗದಲ್ಲಿ ನಮ್ಮನ್ನು ಕರೆದುಕೊಂಡು ಹೋಗುತ್ತದೆ. ಫೋಟೋದೊಳಗೆ ನಾವೇ ಸುತ್ತಾಡಬೇಕು. ಮುಖ, ಕೈ, ಹಿಂದಿನ ಗೋಡೆ. ಅದಕ್ಕೂ ಕುಣಿತ, ಜೂಮ್ ಹಾಕಿ ಓಡಿಸುವ ಚಟ ನಮಗೆ ಯಾವಾಗ ಹತ್ತಿತೋ! ನಿಂತದ್ದನ್ನು ನೋಡುವ ತಾಳ್ಮೆ ಅಮ್ಮನಿಗೆ ಇದೆ. ಸುಮ್ನೆ ಅವಳನ್ನೂ ನಮ್ಮ ಜೊತೆ ಓಡಿಸುತ್ತಿದ್ದೇವೆ.

ಸೈಕಲ್ ಫೋಟೋಗೆ 12 ಸೆಕೆಂಡ್ ಕೊಟ್ಟೆ. ಹಾಡು ತೆಗೆದುಹಾಕಿದೆ.

ನಿನ್ನೆ ಅಮ್ಮ ನೋಡಿದಳು. ಏಳೆಂಟು ಸೆಕೆಂಡ್ ಮಾತಿಲ್ಲ. ಆಮೇಲೆ ಬೆರಳು ತೋರಿಸಿದಳು. “ನೋಡು, ಬೆಲ್ ಇಲ್ಲ. ನೀನು ಅಳ್ತಿದ್ದೆ ಅಂತ ಬಿಚ್ಚಿ ಆಡೋಕೆ ಕೊಟ್ಟಿದ್ರು.”

ಹ್ಯಾಂಡಲ್ ಮೇಲೆ ಆ ಜಾಗ ನಿಜಕ್ಕೂ ಖಾಲಿ ಇತ್ತು.