ಮುಚ್ಚಿಡಾಕ ನಮ್ಮ ಹಂತ್ಯಾಕ ಏನೈತ್ರಿ?

"ಅಕ್ಕಾರ, ನಾವೇನ್ ಕಳುವು ಮಾಡೀವೇನ್ರಿ? ಮುಚ್ಚಿಡಾಕ ನಮ್ಮ ಹಂತ್ಯಾಕ ಏನೈತ್ರಿ?"

ಗೋವಾದ ಝುವಾರಿನಗರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್ ಜೊತೆಗೆ ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಸೈಜಿನ ಫೋಟೊ, ಲ್ಯಾಮಿನೇಶನ್. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ನಮ್ಮ ಕಡೆಯವರೇ. ರೋಣ, ಬಾದಾಮಿ, ಕುಷ್ಟಗಿ, ಮುದ್ದೇಬಿಹಾಳದಿಂದ ಗೌಂಡಿ ಕೆಲಸಕ್ಕೆ, ಫ್ಯಾಕ್ಟರಿ ಕೆಲಸಕ್ಕೆ, ಮನೆಗೆಲಸಕ್ಕೆ ಬಂದವರು. ಆಧಾರ್ ಕಾಪಿ ಕೈಗೆ ಕೊಡುವ ಮೊದಲು ನಾನು ಪೆನ್ನು ಮುಂದೆ ಹಿಡಿದು, ಇದು ಯಾರಿಗೆ, ಯಾತಕ್ಕೆ ಕೊಡ್ತಿದ್ದೀರಿ ಅದನ್ನ ಇದರ ಮೇಲೇ ಬರೀರಿ, ತಾರೀಖು ಹಾಕ್ರಿ ಅನ್ನುತ್ತೇನೆ. ಆಗ ಬರುವ ಮಾತು ಇದು. ಊರಿಗೆ ಹೋದರೆ ಅಣ್ಣನ ಮಕ್ಕಳೂ ಇದನ್ನೇ ಕೇಳುತ್ತಾರೆ, ಆದರೆ ಜಗಳಕ್ಕೆ ನಿಂತಂತೆ: ಅತ್ತೀ, ನೀ ಸರ್ಕಾರದ ವಿರುದ್ಧ ಇದ್ದೀಯೋ, ಕಂಪ್ಯೂಟರ್ ವಿರುದ್ಧ ಇದ್ದೀಯೋ?

ಎರಡರ ವಿರುದ್ಧವೂ ಅಲ್ಲ. ನನ್ನ ಹೊಟ್ಟೆ ತುಂಬುವುದೇ ಕಂಪ್ಯೂಟರಿನಿಂದ. ಮುಚ್ಚಿಡೋಕೆ ಏನಿದೆ ಎಂಬುದಕ್ಕೆ ನನ್ನ ಉತ್ತರ: ಇದೆ, ಬಹಳ ಇದೆ. ನನಗೆ ಹೇಗೆ ಗೊತ್ತು ಅಂದರೆ, ಅದೆಲ್ಲ ನನ್ನ ಅಂಗಡಿಯಲ್ಲೇ ಬಿದ್ದಿತ್ತು.

ಮೂರು ಮಳೆಗಾಲದ ಹಿಂದಿನ ಮಾತು. ಜುಲೈ ತಿಂಗಳು, ಹೊರಗೆ ಜಡಿಮಳೆ, ಗಿರಾಕಿ ಇಲ್ಲ. ಎರಡು ದಿನದಿಂದ ಕಂಪ್ಯೂಟರ್ ತೆವಳುತ್ತಿತ್ತು. ಜಾಗ ಖಾಲಿ ಮಾಡೋಣ ಎಂದು ಡೌನ್‌ಲೋಡ್ಸ್ ಫೋಲ್ಡರ್ ತೆರೆದೆ. ಮೂರು ಸಾವಿರದ ಮೇಲೆ ಫೈಲುಗಳು! ಜನ ಪ್ರಿಂಟಿಗೆಂದು ವಾಟ್ಸ್ಯಾಪಿನಲ್ಲಿ ಕಳಿಸಿದ್ದು, ನಾನೇ ಇಳಿಸಿಕೊಂಡ ಇ-ಆಧಾರ್, ಸ್ಕ್ಯಾನ್ ಮಾಡಿದ್ದು, ಯಾವುದನ್ನೂ ಅಳಿಸಿರಲಿಲ್ಲ. ಒಂದೊಂದೇ ತೆರೆದು ನೋಡುತ್ತ ಹೋದಂತೆ ಕೈ ತಣ್ಣಗಾಯಿತು. ಗಂಡನಿಗೆ ಹೇಳದೆ ತಾಳಿಸರ ಅಡವಿಟ್ಟ ಹೆಂಗಸಿನ ಸಾಲದ ರಸೀದಿ. ಮದುವೆಯಾಗದ ಹುಡುಗಿಯೊಬ್ಬಳ ಸ್ಕ್ಯಾನಿಂಗ್ ವರದಿ. ಒಬ್ಬ ಪೇಂಟರನ ಕ್ಷಯದ ಚಿಕಿತ್ಸೆಯ ಕಾರ್ಡು, ಅವನು ಹತ್ತು ಜನರ ಜೊತೆ ಒಂದೇ ಖೋಲಿಯಲ್ಲಿ ಇರುತ್ತಿದ್ದ. ಜೀವನಾಂಶದ ಅರ್ಜಿ. ಸೂಪರ್‌ವೈಸರಿಗೆ ತಿಳಿಯದಂತೆ ಬೇರೆ ಕಡೆ ಕೆಲಸ ಹುಡುಕುತ್ತಿದ್ದ ಹುಡುಗನ ಬಯೋಡೇಟಾ.

ಇವರಲ್ಲಿ ಯಾರೂ ತಪ್ಪು ಮಾಡಿದವರಲ್ಲ. ಆದರೂ ಅದರಲ್ಲಿ ಒಂದು ಕಾಗದ ಬೇಡದ ಕೈಗೆ ಸಿಕ್ಕಿದ್ದರೆ ಒಂದು ಮನೆ ಒಡೆಯುತ್ತಿತ್ತು, ಒಬ್ಬನಿಗೆ ಖೋಲಿ ತಪ್ಪುತ್ತಿತ್ತು, ಇನ್ನೊಬ್ಬನ ಕೆಲಸ ಹೋಗುತ್ತಿತ್ತು. ನಾನು ಕೆಟ್ಟವಳಾಗಬೇಕಾಗಿಯೂ ಇರಲಿಲ್ಲ. ರಿಪೇರಿಗೆ ಬರುವ ಹುಡುಗ ಪೆನ್‌ಡ್ರೈವ್ ಹಾಕಿಕೊಂಡು ಹೋಗಿದ್ದರೂ ಸಾಕಿತ್ತು. ಆ ರಾತ್ರಿ ಹನ್ನೊಂದರವರೆಗೆ ಕೂತು ಎಲ್ಲ ಅಳಿಸಿದೆ. ಅಲ್ಲಿಂದೀಚೆಗೆ ಶಟರ್ ಎಳೆಯುವ ಮುನ್ನ ದಿನದ ಫೈಲು ದಿನಕ್ಕೇ ತೆಗೆಯುತ್ತೇನೆ, ಕೆಟ್ಟ ಕಾಪಿಗಳನ್ನು ನಾಲ್ಕಾಗಿ ಹರಿದು ನೀರಿನ ಬಕೆಟ್ಟಿಗೆ ಹಾಕುತ್ತೇನೆ.

ಖಾಸಗಿತನ ಎಂಬ ಪದ ಕೇಳಿದರೆ ನಮ್ಮ ಜನಕ್ಕೆ ಅದು ಬಂಗಲೆಯವರ ವಿಷಯ ಅನ್ನಿಸುತ್ತದೆ. "ಮನಿ ಮಾತು ಮನ್ಯಾಗ ಇರಲಿ" ಅಂದು ನೋಡಿ, ಎಂಬತ್ತರ ಅಜ್ಜಿಗೂ ಅರ್ಥವಾಗುತ್ತದೆ. ಒಂದೇ ಕೋಣೆಯಲ್ಲಿ ಆರು ಜನ ಇರುವ ಮನೆಯಲ್ಲಿ ಈ ಮಾತಿಗೆ ಇರುವ ಬೆಲೆ ಬಂಗಲೆಯಲ್ಲಿ ಇರಲಾರದು.

"ನೀವು ಬ್ಯಾರೆ ಅಕ್ಕಾರ, ಸರ್ಕಾರ ಬ್ಯಾರೆ. ಸರ್ಕಾರ ನಮ್ಮ ಒಳ್ಳೇದಕ್ಕ ಕೇಳ್ತೈತಿ." ಇದು ಮುಂದಿನ ಮಾತು. ಇದರಲ್ಲಿ ಅರ್ಧ ನಿಜವಿದೆ, ಅದನ್ನು ಒಪ್ಪದೆ ಮುಂದೆ ಹೋಗಲಾರೆ. 2020ರ ಜನವರಿಯಿಂದ ಗೋವಾ, ಕರ್ನಾಟಕ ಎರಡೂ 'ಒಂದು ದೇಶ ಒಂದು ರೇಷನ್ ಕಾರ್ಡ್' ವ್ಯವಸ್ಥೆಯೊಳಗೆ ಬಂದವು. ಕುಷ್ಟಗಿಯ ಕಾರ್ಡು ಇಟ್ಟುಕೊಂಡವರು ಇಲ್ಲಿಯ ಅಂಗಡಿಯಲ್ಲಿ ಬೆರಳೊತ್ತಿ ಕೇಂದ್ರದ ಪಾಲಿನ ಅಕ್ಕಿ ತರಬಹುದು. ಊರು ಬಿಟ್ಟು ಬಂದವರಿಗೆ ಅದು ಸಣ್ಣ ಉಪಕಾರವಲ್ಲ, ಆಧಾರ್ ಇಲ್ಲದೆ ಅದು ನಡೆಯುತ್ತಲೂ ಇರಲಿಲ್ಲ.

ಆದರೆ ಅಕ್ಕಿ ಕೊಡಲು ಕೇಳುವುದು ಒಂದು. ಕೇಳಿದ್ದನ್ನು ಯಾರ ಕೈಗೆಲ್ಲ ಕೊಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ನಾಳೆ ಬೇರೆ ಯಾತಕ್ಕೆ ಬಳಸುತ್ತಾರೆ ಎಂಬುದು ಇನ್ನೊಂದು. ನಾನು ಜಗಳ ತೆಗೆಯುವುದು ಈ ಎರಡನೆಯದಕ್ಕೆ.

ಗಿರಾಕಿಗಳಿಗೆ ನಾನು ಖರಕ್ ಸಿಂಗ್ ಕಥೆ ಹೇಳುತ್ತೇನೆ. ಉತ್ತರ ಪ್ರದೇಶದವನು. ಡಕಾಯಿತಿ ಕೇಸಿನಲ್ಲಿ ಹಿಡಿದು, ಸಾಕ್ಷಿ ಇಲ್ಲವೆಂದು ಬಿಟ್ಟರು. ಬಿಟ್ಟ ಮೇಲೂ ಪೊಲೀಸರು ಅವನ ಹೆಸರಿನಲ್ಲೊಂದು ಹಾಳೆ ತೆರೆದು, ರಾತ್ರಿ ಹೊತ್ತು ಹೋಗಿ ಬಾಗಿಲು ಬಡಿದು ಇದ್ದಾನೋ ಇಲ್ಲವೋ ನೋಡತೊಡಗಿದರು. ಅವನು ಸುಪ್ರೀಂ ಕೋರ್ಟಿಗೆ ಹೋದ. 1962ರಲ್ಲಿ ಕೋರ್ಟು, ರಾತ್ರಿ ಮನೆಗೆ ಹೋಗುವುದು ತಪ್ಪು ಅಂದಿತು. ಆದರೆ ಖಾಸಗಿತನ ಎಂಬ ಹಕ್ಕು ಸಂವಿಧಾನದಲ್ಲಿ ಇಲ್ಲ ಎಂದೂ ಬಹುಮತದಲ್ಲಿ ಹೇಳಿಬಿಟ್ಟಿತು. ಬಾಡಿಗೆ ಖೋಲಿಯ ಬಾಗಿಲನ್ನು ಅಪರಾತ್ರಿ ಬಡಿದು "ಕಾರ್ಡ್ ದಿಖಾವ್" ಅನ್ನಿಸಿಕೊಂಡವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಗೋವಾದಲ್ಲಿ 2024ರಲ್ಲಿ ಬಾಡಿಗೆದಾರರ ಪರಿಶೀಲನೆಯನ್ನು ಕಡ್ಡಾಯ ಮಾಡುವ ಕಾಯ್ದೆಯನ್ನೇ ವಿಧಾನಸಭೆ ಒಪ್ಪಿತು. ಅರ್ಜಿ ತುಂಬುವವಳು ನಾನೇ ಆದ್ದರಿಂದ ಹೇಳುತ್ತೇನೆ: ಸುರಕ್ಷತೆ ಬೇಕು, ಮಾಲೀಕನಿಗೆ ಯಾರು ಬಂದರೆಂದು ತಿಳಿದಿರಬೇಕು. ಆದರೆ ಖೋಲಿ ಬಿಟ್ಟು ಊರಿಗೆ ಹೋದವನ ಫೋಟೊ, ನಂಬರು, ಊರ ವಿಳಾಸ ಇನ್ನೂ ಮಾಲೀಕನ ಮೊಬೈಲಿನಲ್ಲಿ ಯಾಕಿರಬೇಕು ಎಂದು ಕೇಳುವವರು ಒಬ್ಬರೂ ಇಲ್ಲ.

ಆ 1962ರ ತೀರ್ಪು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರದ ಕೈಯಲ್ಲಿತ್ತು. 2015ರಲ್ಲಿ ಆಧಾರ್ ವಿರುದ್ಧದ ಕೇಸಿನಲ್ಲಿ ಅದನ್ನೇ ಹಿಡಿದು, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ವಾದಿಸಿದರು. ಆ ಕೇಸು ಹಾಕಿದ್ದವರು ನಮ್ಮವರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಮೊಮ್ಮಕ್ಕಳ ಜೊತೆ ಕೂತಿರಬಹುದಾಗಿದ್ದ ವಯಸ್ಸು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹಳೆಯ ಮಾತನ್ನು ಅಳಿಸಿ, ಖಾಸಗಿತನ ಮೂಲಭೂತ ಹಕ್ಕು ಎಂದಿತು. 2024ರಲ್ಲಿ ಪುಟ್ಟಸ್ವಾಮಿಯವರು ತೀರಿಕೊಂಡ ಸುದ್ದಿ ಬಂದ ದಿನ ಅಂಗಡಿಯಲ್ಲಿ ಅವರ ಫೋಟೊ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ. ಇನ್ನೂ ಇದೆ. "ಯಾರ್ರೀ ಅವರು, ನಿಮ್ಮ ತಂದೇರ?" ಎಂದು ಕೇಳುತ್ತಾರೆ.

ಸರ್ಕಾರ ಅಂದರೆ ಬರೀ ಅಕ್ಕಿ ಕೊಡುವ ಕೈ ಎಂದು ನಂಬುವ ಹಿರಿಯರಿಗೆ ಇನ್ನೊಂದು ನೆನಪು ಮಾಡುತ್ತೇನೆ. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಪದವಿ ಬಿಟ್ಟದ್ದು ಫೋನ್ ಕದ್ದಾಲಿಕೆಯ ಆರೋಪದ ಮೇಲೆ. ಕದ್ದಾಲಿಕೆ ಎಂಬ ಪದ ನಮ್ಮ ಕಡೆ ಮನೆಮಾತಾದದ್ದೇ ಆಗ. ಯಾರ ಫೋನು ಕೇಳಿಸಿಕೊಂಡರು ಎಂದು ಹೇಳಿದಾಗ ಜನ ಬಾಯಿ ಮೇಲೆ ಬೆರಳಿಟ್ಟರು, ಯಾಕೆಂದರೆ ಅವರಾರೂ ಕಳ್ಳರಲ್ಲ, ರಾಜಕಾರಣಿಗಳು, ದೊಡ್ಡ ಮನುಷ್ಯರು. ಕೇಳಿಸಿಕೊಳ್ಳುವವನಿಗೆ ನಿಮ್ಮಲ್ಲಿ ಅಪರಾಧವೇ ಬೇಕೆಂದಿಲ್ಲ, ನಿಮ್ಮ ಮೇಲೊಂದು ಹಿಡಿತ ಸಿಕ್ಕರೆ ಸಾಕು.

ಬೆರಳಿನ ವಿಷಯ ಬೇರೆಯೇ ಹೇಳಬೇಕು. 2023ರಲ್ಲಿ ಮಂಗಳೂರು ಕಡೆ, ಆಸ್ತಿ ನೋಂದಣಿ ಮಾಡಿಸಿ ಬಂದವರ ಬ್ಯಾಂಕ್ ಖಾತೆಗಳಿಂದ ಹಣ ಹೋಯಿತೆಂದು ದೂರುಗಳು ಬಂದವು. ಒಟಿಪಿ ಕೊಟ್ಟಿರಲಿಲ್ಲ, ಲಿಂಕ್ ಒತ್ತಿರಲಿಲ್ಲ. ಪತ್ರಗಳ ಮೇಲಿದ್ದ ಹೆಬ್ಬೆಟ್ಟಿನ ಗುರುತನ್ನೇ ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಬಳಸಿದರೆಂಬ ಶಂಕೆ ಎದ್ದಿತು. ಪಾಸ್‌ವರ್ಡ್ ಸೋರಿದರೆ ಇನ್ನೊಂದು ಇಡಬಹುದು. ಬೆರಳು? ನಮ್ಮ ಗೌಂಡಿಗಳ ಬೆರಳು ಮೊದಲೇ ಸಿಮೆಂಟಿನಿಂದ ಸವೆದು ಯಂತ್ರಕ್ಕೆ ಹಿಡಿಯುವುದಿಲ್ಲ. ತನ್ನ ಅಕ್ಕಿಗೆ ತನ್ನ ಬೆರಳು ನಡೆಯದವನ ಗುರುತು ಕಳ್ಳನಿಗೆ ನಡೆದುಬಿಟ್ಟರೆ ಅವನು ಯಾರ ಬಳಿ ಹೋಗಿ ಅಳಬೇಕು? ಅದಕ್ಕೇ ಬಂದವರಿಗೆಲ್ಲ ಎಂಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಕೊಡುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ರೇಷನ್ನಿಗೆ ಹೋಗುವ ಮುಂಚೆ ತೆರೆಯುವುದು ಹೇಗೆಂದು ಎರಡು ಸಲ ಮಾಡಿಸಿ ನೋಡುತ್ತೇನೆ.

ಇನ್ನೊಂದು ಸಂಗತಿ ನನ್ನನ್ನು ಈಗಲೂ ಚುಚ್ಚುತ್ತದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಝೆರಾಕ್ಸ್ ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಪ್ರಾಧಿಕಾರದ ಪರವಾನಗಿ ಇಲ್ಲದ ಹೋಟೆಲು, ಸಿನಿಮಾ ಮಂದಿರಗಳು ಕಾಪಿ ಇಟ್ಟುಕೊಳ್ಳುವಂತಿಲ್ಲ. ಅಂಗಡಿಗಳ ಕಂಪ್ಯೂಟರಿನಲ್ಲಿ ಇ-ಆಧಾರ್ ಇಳಿಸಿಕೊಂಡರೆ ಪೂರ್ತಿ ಅಳಿಸಿ. ಅಕ್ಷರ ಅಕ್ಷರವೂ ನನ್ನಂಥವರ ಅಂಗಡಿಗೇ ಹೇಳಿದ್ದು. ಎರಡೇ ದಿನಕ್ಕೆ, ಮೇ 29ಕ್ಕೆ, ಜನ ತಪ್ಪು ತಿಳಿಯಬಹುದೆಂದು ಅದನ್ನು ಹಿಂದಕ್ಕೆ ಪಡೆದು, ಸಾಮಾನ್ಯ ಎಚ್ಚರಿಕೆ ವಹಿಸಿದರೆ ಸಾಕು ಅಂದರು. ಹಿಂದಕ್ಕೆ ಪಡೆಯದೇ ಇದ್ದಿದ್ದರೆ ನನ್ನ ಆ ಮೂರು ಸಾವಿರ ಫೈಲು ಒಂದು ವರ್ಷ ಮೊದಲೇ ಹೋಗಿರುತ್ತಿದ್ದವೇನೋ. ಸಾಮಾನ್ಯ ಎಚ್ಚರಿಕೆ ಎಂದರೇನು ಎಂದು ಓದು ಬರದ ಗೌಂಡಿಗೆ ಯಾರು ಹೇಳಿಕೊಡುತ್ತಾರೆ? ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಏನು ಗೊತ್ತೇ? ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಕಾರ್ಡಿನ ಝೆರಾಕ್ಸ್ ಕೈಯಲ್ಲಿರುವವನಿಗೆ ಆ ಬೀಗದ ಕೈಯೂ ಸಿಕ್ಕಂತೆಯೇ.

ಈಗ ಜನರ ವೈಯಕ್ತಿಕ ಮಾಹಿತಿ ಕಾಪಾಡೋಕೆ ಕಾನೂನು ಬಂದಿದೆಯಲ್ಲ ಅನ್ನುತ್ತಾರೆ ಅಣ್ಣನ ಮಕ್ಕಳು. ಬಂದಿದೆ. ಬೆಳ್ಳೂರು ನಾರಾಯಣಸ್ವಾಮಿ ಶ್ರೀಕೃಷ್ಣ, ಬಾಂಬೆ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು, ಅವರ ಸಮಿತಿ 2018ರಲ್ಲೇ ಕರಡು ಕೊಟ್ಟಿತು. ಕೊನೆಗೆ ಕಾಯ್ದೆಯಾದದ್ದು 2023ರ ಆಗಸ್ಟಿನಲ್ಲಿ, ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಮಾಹಿತಿ ಕಾಪಾಡದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು, ಅದು ಒಳ್ಳೆಯದೇ. ಆದರೆ ಕೇಂದ್ರ ಸರ್ಕಾರ ದೇಶದ ಭದ್ರತೆ, ಸಾರ್ವಜನಿಕ ಶಾಂತಿಯ ಹೆಸರಿನಲ್ಲಿ ತನ್ನ ಯಾವುದೇ ಸಂಸ್ಥೆಗೆ ಒಂದು ಅಧಿಸೂಚನೆಯಿಂದ ವಿನಾಯಿತಿ ಕೊಟ್ಟುಕೊಳ್ಳಬಹುದು. ಅದರ ಜೊತೆಗೇ ಮಾಹಿತಿ ಹಕ್ಕಿನ ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿ, ಅದರಲ್ಲಿದ್ದ ಸಾರ್ವಜನಿಕ ಹಿತದ ಮಾತನ್ನು ತೆಗೆದರು. ನನಗೆ ಸಿಟ್ಟು ಬರುವುದು ಇಲ್ಲಿ. ಉದ್ಯೋಗ ಖಾತರಿ ಕೆಲಸದ ಹಾಜರಿ ಪಟ್ಟಿ ಬಯಲಿಗೆ ಬಂದದ್ದರಿಂದಲೇ ಸತ್ತವರ ಹೆಸರಿನಲ್ಲಿ ಕೂಲಿ ಎತ್ತಿದವರು ಸಿಕ್ಕಿಬಿದ್ದದ್ದು. ಇನ್ನು ಆ ಪಟ್ಟಿ ಕೇಳಿದರೆ ವೈಯಕ್ತಿಕ ಮಾಹಿತಿ ಅನ್ನಬಹುದು. ಕೂಲಿಯವನ ಮನೆ ಮಾತು ಮುಚ್ಚಿರಬೇಕು, ಕಚೇರಿಯ ಲೆಕ್ಕ ತೆರೆದಿರಬೇಕು. ಮಾಡಿದ್ದು ತಿರುವುಮುರುವು.

ಹಾಗಾಗಿ ಸರ್ಕಾರದ ಪರವೋ ವಿರೋಧವೋ ಎಂದು ನನ್ನನ್ನು ಕೇಳಬೇಡಿ. ಒಂದು ಕಾಗದ ಕೇಳಿದಾಗ ಯಾತಕ್ಕೆ ಎಂದು ನಾವು ಬಾಯಿಬಿಟ್ಟು ಕೇಳುತ್ತೇವೋ ಇಲ್ಲವೋ, ಅದು ನನಗೆ ಮುಖ್ಯ. ಕೌಂಟರಿನ ಆಚೆ ಇರುವವನು ಗುತ್ತಿಗೆದಾರನಿರಲಿ, ಗುಮಾಸ್ತನಿರಲಿ, ಝೆರಾಕ್ಸ್ ಅಂಗಡಿಯವಳಿರಲಿ.

ಹೋದ ವಾರ ಬಾದಾಮಿ ಕಡೆಯ ಹುಡುಗನೊಬ್ಬ ಬಂದ, ಇಪ್ಪತ್ತೆರಡರವನು, ಟೈಲ್ಸ್ ಕೆಲಸ. ಹಿಂದಿನ ದಿನ ಪ್ರಿಂಟ್ ತೆಗೆಸಿಕೊಂಡು ಹೋಗಿದ್ದ. "ಅಕ್ಕಾರ, ನಂದು ಅಳಿಸೀರೇನ್ರಿ?" ಅಂದ. ಮಾನಿಟರ್ ಅವನ ಕಡೆ ತಿರುಗಿಸಿ ಖಾಲಿ ಫೋಲ್ಡರ್ ತೋರಿಸಿದೆ, ಕಸದ ಬುಟ್ಟಿಯೂ ಖಾಲಿ ಇರುವುದನ್ನು ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಳೇ ಗುತ್ತಿಗೆದಾರನ ಹಂತ್ಯಾಕ ನಂದು ಎರಡು ಕಾಪಿ ಅದಾವ್ರಿ, ಬ್ಯಾಂಕ್ ಪಾಸ್‌ಬುಕ್ಕೂ ಐತಿ. ಕೆಲಸ ಬಿಟ್ಟು ಎಂಟು ತಿಂಗಳಾತು" ಅಂದ. ಹಾಳೆ ತೆಗೆದುಕೊಂಡು ಇಬ್ಬರೂ ಕೂತು ಹಿಂದಿಯಲ್ಲಿ ಒಂದು ಪತ್ರ ಬರೆದೆವು: ನನ್ನ ಕಾಗದಗಳು ನಿಮಗೆ ಇನ್ನು ಬೇಕಿಲ್ಲ, ವಾಪಸ್ ಕೊಡಿ, ಫೋನಿನಲ್ಲಿರುವುದನ್ನು ಅಳಿಸಿ. ಅವನು ಸಹಿ ಹಾಕಿದ, ನಾನು ಎರಡು ಪ್ರತಿ ಮಾಡಿದೆ. ಒಂದರ ಮೇಲೆ ಗುತ್ತಿಗೆದಾರನ ಕಡೆಯಿಂದ ತಲುಪಿದೆಯೆಂದು ಸಹಿ ತಗೊಂಡು ಬಾ ಎಂದು ಹೇಳಿ ಕಳಿಸಿದ್ದೇನೆ. ಇನ್ನೂ ಬಂದಿಲ್ಲ.