ತೇರಿನ ವಿಡಿಯೊಗೆ ತಾರೀಖು ಹುಡುಕಿದ್ದು

ಕೊಪ್ಪಳದ ಭಾಗ್ಯನಗರದಲ್ಲಿ ಒಂದು ಮನೆಯ ವಿಡಿಯೊಗಳೆಲ್ಲ ಈ ಬೇಸಿಗೆಯಲ್ಲಿ ಅಂತೂ ಒಂದು ಲೆಕ್ಕಕ್ಕೆ ಬಂದವು. ಇದ್ದದ್ದು ಸುಮಾರು ನಾಲ್ಕು ಟಿಬಿ. ಮೂರು ಹಾರ್ಡ್ ಡಿಸ್ಕ್, ಬಿಸ್ಕತ್ತಿನ ಡಬ್ಬಿಯಲ್ಲಿ ಪೇರಿಸಿಟ್ಟ ಮದುವೆ ಡಿವಿಡಿಗಳು, ಒಂದಿಷ್ಟು ಮಿನಿ ಡಿವಿ ಕ್ಯಾಸೆಟ್, ಹಳೇ ನೋಕಿಯಾ ಫೋನಿನ ಮೆಮೊರಿ ಕಾರ್ಡ್, ಮೇಲೆ ಮನೆಮಂದಿಯ ಮೊಬೈಲುಗಳು. ಗವಿಮಠದ ಜಾತ್ರೆ, ಬೆಳ್ಳಂಬೆಳಗಿನವರೆಗೆ ನಡೆದ ದೊಡ್ಡಾಟ, ಕುಬಸ (ಸೀಮಂತ), ಮದುವೆಯ ಅಕ್ಕಿಕಾಳು, ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿದ್ದು, ಮುದಗಲ್ಲಿನ ಮೊಹರಂ, ಎಲ್ಲ ಒಂದರೊಳಗೊಂದು ಕಲಸಿಹೋಗಿದ್ದವು. ಫೋಲ್ಡರುಗಳ ಹೆಸರು ಹೀಗಿದ್ದವು: ‘ಹೊಸದು’, ‘ಹೊಸದು 2’, ‘ಎಲ್ಲಾ ಇದರಾಗ ಐತಿ’, ‘ಅಳಿಸಬ್ಯಾಡ್ರಿ’.

ಇಂಥ ಕೆಲಸಕ್ಕೆ ಕೂತ ತಕ್ಷಣ ಕೈ ಹೋಗುವುದು ಫೋಲ್ಡರ್ ಕಟ್ಟುವುದಕ್ಕೆ: ಮದುವೆ, ಜಾತ್ರೆ, ಪ್ರವಾಸ ಎಂದು. ಅಕ್ಕನ ಮದುವೆಗೆಂದು ಬಂದವರು ಮಾರನೇ ದಿನ ಆನೆಗೊಂದಿಗೆ ಹೋಗಿ ತೆಗೆದ ವಿಡಿಯೊ ಯಾವುದರಲ್ಲಿ ಹೋಗಬೇಕು ಎಂಬಲ್ಲಿಗೆ ಆ ವ್ಯವಸ್ಥೆ ನಿಂತುಬಿಡುತ್ತದೆ. ಫೋಲ್ಡರಿಗೆ ವರ್ಷವೊಂದೇ ಸಾಕು. ಉಳಿದದ್ದನ್ನು ಹೆಸರು ಮತ್ತು ಟ್ಯಾಗ್ (ಹುಡುಕಲು ಸುಲಭವಾಗಲೆಂದು ಫೈಲಿಗೆ ಅಂಟಿಸುವ ಪದ) ಹೊರುತ್ತವೆ. ಆದರೆ ವರ್ಷ ಗೊತ್ತಾಗಬೇಕಲ್ಲ, ಅಸಲು ಕೆಲಸ ಇರುವುದೇ ಅಲ್ಲಿ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಎಲ್ಲವನ್ನೂ ಒಂದು ದೊಡ್ಡ ಡಿಸ್ಕಿಗೆ ನಕಲು ಮಾಡಿಕೊಂಡು, ಮೂಲ ಡಿಸ್ಕುಗಳನ್ನು ಪಕ್ಕಕ್ಕಿಟ್ಟು, ಪ್ರತಿ ಫೈಲಿನ ಹ್ಯಾಶ್ ತೆಗೆದು ಪಟ್ಟಿ ಮಾಡಿ ಇಟ್ಟುಕೊಳ್ಳಬೇಕು. ಹ್ಯಾಶ್ ಎಂದರೆ ಫೈಲಿನ ಪ್ರತಿ ಬೈಟನ್ನೂ ಓದಿ ಹೊರಡಿಸುವ ಒಂದು ಉದ್ದನೆಯ ಸಂಖ್ಯೆ. ಎರಡು ಫೈಲುಗಳ ಹ್ಯಾಶ್ ಒಂದೇ ಇದ್ದರೆ ಅವು ಒಂದೇ ಫೈಲು, ಹೆಸರು ಏನೇ ಇರಲಿ. ಇದು ಟ್ಯಾಗ್ ಹಾಕುವ ಮೊದಲೇ ಆಗಬೇಕು. ಫೈಲಿನೊಳಗೆ ಒಂದೇ ಒಂದು ಟ್ಯಾಗ್ ಬರೆದರೂ ಹ್ಯಾಶ್ ಬದಲಾಗುತ್ತದೆ. ಟ್ಯಾಗ್ ಹಾಕಿದ್ದು ಒಂದು, ಹಾಕದ್ದು ಒಂದು ಇದ್ದರೆ ಅವು ಜೋಡಿ ಎಂದು ಯಾವ ಹ್ಯಾಶ್ ಪಟ್ಟಿಯೂ ಹೇಳುವುದಿಲ್ಲ. ಮೂರು ಡಿಸ್ಕುಗಳನ್ನು ಹೀಗೆ ಹೋಲಿಸಿದಾಗ ಹೆಚ್ಚುಕಡಿಮೆ ಕಾಲುಭಾಗ ಜಾಗ ಬರೀ ನಕಲಿನಿಂದ ತುಂಬಿತ್ತು.

ವಾಟ್ಸಾಪ್ ಫೈಲುಗಳಿಗೆ ಈ ಉಪಾಯ ನಡೆಯುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದಾಗ ಅದರ ವಿಡಿಯೊ ಈ ಭಾಗದ ಪ್ರತಿ ಮೊಬೈಲಿಗೂ ಹತ್ತು ಗ್ರೂಪುಗಳಿಂದ ಬಂದಿತ್ತು. ಬೇರೆ ಬೇರೆ ದಾರಿಯಲ್ಲಿ, ಬೇರೆ ಬೇರೆ ಸಲ ಕುಗ್ಗಿಸಲ್ಪಟ್ಟು ಬಂದದ್ದರಿಂದ ಹ್ಯಾಶ್ ಒಂದಕ್ಕೊಂದು ತಾಳೆಯಾಗುವುದಿಲ್ಲ. ಇಂಥವಕ್ಕೆ ಚಿತ್ರವನ್ನೇ ಹೋಲಿಸುವ ಸಾಫ್ಟ್‌ವೇರ್ ಬೇಕು. ಚ್ಕಾವ್ಕಾ ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಅದು ಜೋಡಿ ತೋರಿಸಿದಾಗ ಅವಧಿ ಮತ್ತು ಬಿಟ್‌ರೇಟ್ ನೋಡಿ ದೊಡ್ಡದನ್ನು ಉಳಿಸಿಕೊಳ್ಳಬೇಕು. ಆದರೆ ದೊಡ್ಡದು ಕೊನೆಯವರೆಗೂ ಓಡುತ್ತದೆಯೇ ಎಂದು ಪರೀಕ್ಷಿಸದೆ ಚಿಕ್ಕದನ್ನು ಅಳಿಸಬಾರದು. ಕೆಟ್ಟ ಮೆಮೊರಿ ಕಾರ್ಡಿನಿಂದ ಅರ್ಧ ಮಾತ್ರ ಬಂದ ಮೂಲ ಫೈಲಿಗಿಂತ ಪೂರ್ತಿ ಇರುವ ವಾಟ್ಸಾಪ್ ನಕಲೇ ಮೇಲು.

ಇನ್ನು ತಾರೀಖು. ಒಂದು ವಿಡಿಯೊಗೆ ನಾಲ್ಕು ತಾರೀಖುಗಳಿರುತ್ತವೆ, ನಾಲ್ಕೂ ಬೇರೆ ಬೇರೆ ಹೇಳುತ್ತವೆ. ಫೋನು ತಾನೇ ಇಟ್ಟ ಹೆಸರಿನಲ್ಲಿರುವ ತಾರೀಖು ಬಹುತೇಕ ಫೋನುಗಳಲ್ಲಿ ಊರಿನ ಗಡಿಯಾರದ್ದು, ಅದನ್ನು ನಂಬಬಹುದು. ಎಂಪಿ4 ಫೈಲಿನ ಒಳಗೆ ಬರೆದಿರುವ ಸಮಯ ನಿಯಮದ ಪ್ರಕಾರ ಗ್ರೀನಿಚ್ ಲೆಕ್ಕದ್ದು, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಹಾಗಾಗಿ ನಡುರಾತ್ರಿಯಿಂದ ಬೆಳಿಗ್ಗೆ 5:30ರೊಳಗೆ ತೆಗೆದದ್ದೆಲ್ಲ ಹಿಂದಿನ ದಿನಕ್ಕೆ ಜಾರುತ್ತದೆ. ಮದುವೆಯ ನಸುಕಿನ ಸುರಗಿ ಸ್ನಾನ ಹಿಂದಿನ ದಿನದ ಅರಿಶಿಣದ ಜೊತೆ ಸೇರಿಕೊಳ್ಳುವುದು ಹೀಗೆ. ಕೆಲವು ಕ್ಯಾಮೆರಾಗಳು ನಿಯಮ ಮೀರಿ ಅಲ್ಲೇ ಊರಿನ ಸಮಯ ಬರೆಯುತ್ತವೆ. ಆದ್ದರಿಂದ ಎಲ್ಲದಕ್ಕೂ ಕಣ್ಣುಮುಚ್ಚಿ ಐದೂವರೆ ಗಂಟೆ ಕೂಡಿಸಲಾಗದು. ಒಂದೊಂದು ಸಾಧನದಿಂದ ಒಂದು ಫೈಲು ತೆಗೆದು, ಹೆಸರಿನ ಸಮಯವನ್ನು ಒಳಗಿನ ಸಮಯದ ಜೊತೆ ಹೋಲಿಸಿ, ಆ ಸಾಧನಕ್ಕೆ ಯಾವ ಲೆಕ್ಕ ಎಂದು ಬರೆದಿಟ್ಟುಕೊಳ್ಳಬೇಕು. ಒಳಗಿನದನ್ನು ಓದಲು ಮೀಡಿಯಾಇನ್ಫೋ ಎಂಬ ತಂತ್ರಾಂಶ ಸಾಕು, ಒಟ್ಟಿಗೆ ನೂರಾರು ಫೈಲು ತಿದ್ದಲು ಎಕ್ಸಿಫ್‌ಟೂಲ್ ಬೇಕು. 1904ರ ಜನವರಿ 1 ಎಂದು ತೋರಿಸಿದರೆ ಗಾಬರಿ ಬೇಡ. ಆ ಬಗೆಯ ಫೈಲುಗಳಲ್ಲಿ ಕಾಲ ಎಣಿಕೆ ಶುರುವಾಗುವುದೇ ಅಲ್ಲಿಂದ, ಅಂದರೆ ಆ ಜಾಗ ಖಾಲಿ ಇದೆ ಎಂದರ್ಥ.

ಮೂರನೆಯದು ವಿಂಡೋಸ್ ತೋರಿಸುವ ತಾರೀಖು. ‘ಕ್ರಿಯೇಟೆಡ್’ ಎಂಬುದು ಆ ಡಿಸ್ಕಿಗೆ ನಕಲಾದ ದಿನ, ಅದರಿಂದ ಉಪಯೋಗವಿಲ್ಲ. ‘ಮಾಡಿಫೈಡ್’ ಎಂಬುದು ಬಹಳಷ್ಟು ಸಲ ರೆಕಾರ್ಡಿಂಗ್ ನಿಲ್ಲಿಸಿದ ಗಳಿಗೆ. ನಾಲ್ಕನೆಯದು ವಾಟ್ಸಾಪ್ ಹೆಸರಿನಲ್ಲಿರುವುದು, ಅದು ಫೋನಿಗೆ ಬಂದಿಳಿದ ದಿನ ಅಷ್ಟೆ. ಮದುವೆಯಾದ ಆರು ವರ್ಷಕ್ಕೆ ಯಾರೋ ನೆನಪಾಗಿ ಕಳಿಸಿರಬಹುದು. ಒಳಗಿನ ಮಾಹಿತಿಯನ್ನೂ ವಾಟ್ಸಾಪ್ ಕಿತ್ತುಹಾಕಿರುತ್ತದೆ.

ಡಿವಿಡಿಗಳದ್ದು ಇನ್ನೊಂದು ಕಥೆ. ಸ್ಟುಡಿಯೊದವರು ಕೊಟ್ಟ ಡಿವಿಡಿಯಲ್ಲಿ ವಿಡಿಯೊ ಒಂದೊಂದು ಜಿಬಿಯ ವಿಒಬಿ ತುಂಡುಗಳಾಗಿರುತ್ತದೆ. ಅದರ ತಾರೀಖು ಡಿವಿಡಿಗೆ ಬರೆದ ದಿನದ್ದು, ಅಕ್ಕಿಕಾಳು ಬಿದ್ದ ದಿನದ್ದಲ್ಲ. ಮೇಕ್‌ಎಂಕೆವಿ ಬಳಸಿದರೆ ತುಂಡುಗಳೆಲ್ಲ ಸೇರಿ ಗುಣಮಟ್ಟ ಕೆಡದೆ ಒಂದೇ ಎಂಕೆವಿ ಫೈಲಾಗುತ್ತದೆ. ಮಿನಿ ಡಿವಿ ಕ್ಯಾಸೆಟ್ಟಿನಿಂದ ಇಳಿಸಿಕೊಂಡರೆ ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. ಜಾಗ ಹೆಚ್ಚು ತಿಂದರೂ ಕುಗ್ಗಿಸಬಾರದು, ಏಕೆಂದರೆ ಪ್ರತಿ ಫ್ರೇಮಿನ ಜೊತೆಗೂ ಕ್ಯಾಮೆರಾದ ತಾರೀಖು ಅದರೊಳಗೇ ಇರುತ್ತದೆ. ಹ್ಯಾಂಡಿಕ್ಯಾಮಿನ ಎಂಟಿಎಸ್ ಫೈಲುಗಳೂ ಹಾಗೆಯೇ. ‘ಟೀವಿಯಲ್ಲಿ ಓಡಲ್ಲ’ ಎಂದು ಎಂಪಿ4 ಮಾಡಿಸಿ ಮೂಲ ಅಳಿಸಿದವರು ತಾರೀಖನ್ನೂ ಅಳಿಸಿದಂತೆಯೇ. ಅಂದಹಾಗೆ, ಈ ಹ್ಯಾಂಡಿಕ್ಯಾಮ್‌ಗಳು ಹೊಸ ಕಾರ್ಡ್ ಹಾಕಿದಾಗೆಲ್ಲ 00000ದಿಂದ ಎಣಿಕೆ ಶುರುಮಾಡಬಹುದು. ಎರಡು ಕಾರ್ಡುಗಳನ್ನು ಒಂದೇ ಫೋಲ್ಡರಿಗೆ ಸುರಿಯುವಾಗ ‘ರಿಪ್ಲೇಸ್’ ಒತ್ತಿದರೆ ಒಂದು ಜಾತ್ರೆಯ ಮೇಲೆ ಇನ್ನೊಂದು ಜಾತ್ರೆ ಕೂರುತ್ತದೆ.

ಕ್ಯಾಮೆರಾದ ಗಡಿಯಾರವೇ ತಪ್ಪಿದ್ದರೆ? ಒಳಗಿನ ಚಿಕ್ಕ ಬ್ಯಾಟರಿ ಸತ್ತ ಹ್ಯಾಂಡಿಕ್ಯಾಮ್ ಪ್ರತಿ ಸಲವೂ ಯಾವುದೋ ಹಳೇ ಜನವರಿ 1ಕ್ಕೆ ಮರಳುತ್ತದೆ. ಇಲ್ಲಿ ಪಂಚಾಂಗ ಕೈಹಿಡಿಯಿತು. ಗವಿಮಠದ ಗವಿಸಿದ್ಧೇಶ್ವರ ರಥೋತ್ಸವ ನಡೆಯುವುದು ಪುಷ್ಯ ಮಾಸದಲ್ಲಿ, ಬನದ ಹುಣ್ಣಿಮೆ ಆದ ಮೇಲೆ: 2023ರಲ್ಲಿ ಜನವರಿ 8, 2024ರಲ್ಲಿ ಜನವರಿ 27, 2025ರಲ್ಲಿ ಜನವರಿ 15. ವರ್ಷ ಗೊತ್ತಾದರೆ ದಿನ ಗೊತ್ತಾಯಿತು, ತೇರು ಎಳೆಯುವುದು ಸಂಜೆ ಎಂದೂ ಗೊತ್ತು. ಕಾರ್ಡಿನಲ್ಲಿ ತೇರು ಕದಲುವ ಫೈಲು ಜನವರಿ 1ರ ಮುಂಜಾನೆ ಎಂದು ತೋರಿಸಿದರೆ ಆ ವ್ಯತ್ಯಾಸ ಲೆಕ್ಕ ಹಾಕಿ, ಅದೇ ಕಾರ್ಡಿನ, ನಡುವೆ ಗಡಿಯಾರ ಮತ್ತೆ ಹಿಂದೆ ಹೋಗಿರದ ಎಲ್ಲ ಫೈಲುಗಳಿಗೂ ಅಷ್ಟೇ ಕೂಡಿಸಬಹುದು. ಒಂದು ಗಳಿಗೆ ಖಚಿತವಾದರೆ ಉಳಿದವು ತಾವಾಗಿ ಸಾಲಿಗೆ ನಿಲ್ಲುತ್ತವೆ.

ಮೊಹರಂ ವಿಡಿಯೊಗಳಿಗೆ ಇನ್ನೂ ಚಂದದ ಸುಳಿವಿದೆ. ಹಿಜರಿ ವರ್ಷ ನಮ್ಮದಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದು, ಹೀಗಾಗಿ ಹಬ್ಬ ಋತುವಿನಿಂದ ಋತುವಿಗೆ ಹಿಂದೆ ಸರಿಯುತ್ತದೆ. ಕೊನೆಯ ದಿನ 2010ರಲ್ಲಿ ಡಿಸೆಂಬರ್ 17ಕ್ಕೆ ಬಂದಿತ್ತು, 2015ರಲ್ಲಿ ಅಕ್ಟೋಬರ್ 24ಕ್ಕೆ, 2020ರಲ್ಲಿ ಆಗಸ್ಟ್ 30ಕ್ಕೆ, 2024ರಲ್ಲಿ ಜುಲೈ 17ಕ್ಕೆ. ಅಲಾಯಿ ಕುಣಿಯುವವರ ಸುತ್ತ ನಿಂತವರು ಸ್ವೆಟರ್ ಹಾಕಿದ್ದಾರೆಂದರೆ ಅದು 2010ರ ಆಸುಪಾಸಿನದು. ಮಳೆಗಾಲದ ರಾಡಿ ಇದ್ದರೆ ಈಚಿನದು.

ಹಿನ್ನೆಲೆಯಲ್ಲಿ ಹಾದುಹೋಗುವ ಬಸ್ಸನ್ನೂ ಬಿಡಬಾರದು. ‘ಈಶಾನ್ಯ’ ಎಂಬ ಹೆಸರಿನ ಸಾರಿಗೆ ಸಂಸ್ಥೆ ಹುಟ್ಟಿದ್ದು 2000ದಲ್ಲಿ, ‘ಕಲ್ಯಾಣ ಕರ್ನಾಟಕ’ ಆದದ್ದು 2021ರಲ್ಲಿ. ಹಳೇ ಬಸ್ಸಿನ ಮೇಲೆ ಹಳೇ ಹೆಸರು ಉಳಿದಿರುವುದುಂಟು. ಹೊಸ ಹೆಸರು ಕಂಡರೆ ಮಾತ್ರ ವಿಡಿಯೊ 2021ಕ್ಕಿಂತ ಹಿಂದಿನದಲ್ಲ ಎಂದು ಗಟ್ಟಿಯಾಗಿ ಹೇಳಬಹುದು. ಊರು ತಿಳಿಯದಿದ್ದರೆ ಸಾಲಾಗಿ ನಿಂತ ಬೈಕುಗಳ ನಂಬರ್ ನೋಡಬೇಕು: ಕೆಎ 34 ಬಳ್ಳಾರಿ, 35 ಹೊಸಪೇಟೆ, 36 ರಾಯಚೂರು, 37 ಕೊಪ್ಪಳ.

ಇಷ್ಟಾದರೂ ಸಿಗದವನ್ನು ಹಿರಿಯರಿಗೆ ತೋರಿಸಬೇಕು. ಲ್ಯಾಪ್‌ಟಾಪಿನ ಚಿಕ್ಕ ಚಿತ್ರಗಳಲ್ಲಿ ಅವರಿಗೆ ಯಾರೂ ಗುರುತು ಸಿಗುವುದಿಲ್ಲ, ಟೀವಿಯಲ್ಲೇ ಓಡಿಸಬೇಕು. “ಅವ್ವಾ, ಇದು ಯಾವ ವರ್ಷದ್ದು?” ಎಂದರೆ “ನನಗೇನ್ ಗೊತ್ತಪ್ಪಾ” ಎನ್ನುತ್ತಾರೆ. “ಈ ಗೋಡಿ ಯಾಕ ಬಿದ್ದೈತಿ?” ಎಂದು ಕೇಳಿದರೆ “ದೊಡ್ಡ ಮಳಿ ಹೊಡೀತಲ್ಲ, ಹೊಳಿ ಬಂದು ಊರೂರು ಮುಳುಗಿದ್ದು, ಆವಾಗಿಂದು” ಎಂದು ಉತ್ತರ ಬರುತ್ತದೆ. ಅಂದರೆ 2009ರ ಅಕ್ಟೋಬರ್ ಆದಮೇಲಿನದು. ವರ್ಷ ಕೇಳಬಾರದು, ಕಣ್ಣಿಗೆ ಕಾಣುವುದನ್ನು ಕೇಳಬೇಕು. ಅವರು ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಆಮೇಲೆ ಟ್ಯಾಗ್ ಬರೆಯಲು ಸುಲಭ.

ದೊಡ್ಡಾಟದ ರಾತ್ರಿಗಳಿಗೆ ಮಾತ್ರ ಬೇರೆ ನಿಯಮ ಮಾಡಬೇಕಾಯಿತು. ರಾತ್ರಿ ಹತ್ತಕ್ಕೆ ಗಣಪತಿ ಸ್ತುತಿ, ಬೆಳಿಗ್ಗೆ ಆರಕ್ಕೆ ಮಂಗಳ. ನಮ್ಮ ಗಡಿಯಾರದಲ್ಲಿ ಒಂದೇ ಆಟ ಎರಡು ತಾರೀಖಿಗೆ ಹರಿದುಹೋಗುತ್ತದೆ. ಆಟ ಶುರುವಾದ ಸಂಜೆಯ ತಾರೀಖನ್ನೇ ಎಲ್ಲ ತುಂಡಿಗೂ ಕೊಟ್ಟು, ಮುಂದೆ ಕ್ರಮಸಂಖ್ಯೆ ಹಾಕಿದೆವು. ಸೂರ್ಯೋದಯಕ್ಕೆ ದಿನ ಬದಲಿಸುವ ಪಂಚಾಂಗದ ಲೆಕ್ಕವೂ ಅದೇ.

ಹೆಸರಿನ ಮಾದರಿ ಹೀಗೆ: 2025-01-15_1740_ಕೊಪ್ಪಳ_ಜಾತ್ರೆ_ತೇರು_01. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ, ಆಗ ಯಾವ ಯಂತ್ರದಲ್ಲೂ ಸಾಲು ತಪ್ಪುವುದಿಲ್ಲ. ದಿನ ಗೊತ್ತಿಲ್ಲದಿದ್ದರೆ 2009-00-00. ಹೆಸರನ್ನು ಕನ್ನಡದಲ್ಲಿ ಬರೆಯಬೇಕೆಂಬ ಆಸೆ ಸಹಜವೇ, ಆದರೆ ತೊಡಕುಗಳಿವೆ. ಲಿನಕ್ಸಿನ ಸಾಮಾನ್ಯ ಫೈಲ್ ವ್ಯವಸ್ಥೆಯಲ್ಲಿ ಹೆಸರಿಗೆ 255 ಬೈಟುಗಳ ಮಿತಿ, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ‘ಕೊಪ್ಪಳ’ ಒಂದಕ್ಕೇ 18 ಬೈಟು. ಮೇಲಾಗಿ ‘ಕೊ’ದಲ್ಲಿರುವ ಒಕಾರವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡಾಗಿ ಒಡೆದೂ ಬರೆಯಬಹುದು. ಹಳೇ ಮ್ಯಾಕ್ ಯಂತ್ರಗಳು ಒಡೆದೇ ಇಡುತ್ತಿದ್ದವು. ಅಲ್ಲಿಂದ ಬಂದ ಫೈಲನ್ನು ಇಲ್ಲಿ ಹುಡುಕಿದರೆ ಪರದೆಯ ಮೇಲೆ ಕಣ್ಣೆದುರೇ ಇದ್ದರೂ ಸಿಗುವುದಿಲ್ಲ. ಹಳೇ ಟೀವಿಗಳಿಗೆ ಪೆನ್‌ಡ್ರೈವ್ ಹಾಕಿದರೆ ಕನ್ನಡದ ಹೆಸರು ಬರೀ ಚೌಕಗಳು. ಹಾಗಾಗಿ ಮೇಲಿನ ಮಾದರಿಯನ್ನೇ ಫೈಲಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕನ್ನಡವನ್ನು ಟ್ಯಾಗಿಗೆ ಮೀಸಲಿಟ್ಟೆವು. ಇಂಗ್ಲಿಷಿನಲ್ಲಿ ಗಂಗಾವತಿಯನ್ನು ಮೂರು ರೀತಿ ಬರೆಯುವವರಿದ್ದಾರೆ, ಬಳ್ಳಾರಿಯ ಇಂಗ್ಲಿಷ್ ಕಾಗುಣಿತ ಸರ್ಕಾರದ ಲೆಕ್ಕದಲ್ಲೇ 2014ರ ನವೆಂಬರ್ 1ರಂದು ಬದಲಾಗಿದೆ. ಊರುಗಳ ಪಟ್ಟಿಯೊಂದನ್ನು ಮೊದಲೇ ಬರೆದು ಗೋಡೆಗೆ ಅಂಟಿಸಿದರೆ ಈ ರಗಳೆ ಇಲ್ಲ.

ಊರಿನ ಟ್ಯಾಗಿಗೆ ಜಿಲ್ಲೆಯನ್ನು ಸೇರಿಸಬಾರದು. ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ಹಂಪಿ 2021ರಿಂದ ಬಳ್ಳಾರಿ ಜಿಲ್ಲೆಯಲ್ಲಿಲ್ಲ, ವಿಜಯನಗರಕ್ಕೆ ಸೇರಿದೆ. ತಾಲ್ಲೂಕೂ ಸ್ಥಿರವಲ್ಲ: ಕಾರಟಗಿ, ಕನಕಗಿರಿ ಮೊದಲು ಗಂಗಾವತಿಯಲ್ಲಿದ್ದವು, ಕುಕನೂರು ಯಲಬುರ್ಗಿಯಲ್ಲಿತ್ತು. ಊರಿನ ಹೆಸರೊಂದೇ ಸಾಕು.

ಟ್ಯಾಗುಗಳು ನಾಲ್ಕೇ ಗುಂಪು: ಯಾರು, ಎಲ್ಲಿ, ಏನು, ಹೇಗಿದೆ. ಕೊನೆಯದರಲ್ಲಿ ‘ಧ್ವನಿ ಇಲ್ಲ’, ‘ಅರ್ಧ’, ‘ಚಲೋ’ ಇಂಥವು. ಜನರ ಹೆಸರು ಬಿಟ್ಟರೆ ಒಟ್ಟು ಅರವತ್ತು ಟ್ಯಾಗ್ ಮೀರಬಾರದು. ಮೀರಿದರೆ ಒಂದೇ ವಿಷಯಕ್ಕೆ ಸೀಮಂತ, ಕುಪ್ಪಸ, ಕುಬಸ ಎಂದು ಮೂರು ಹೆಸರು ಹುಟ್ಟಿ, ಹುಡುಕಿದಾಗ ಮೂರರಲ್ಲೊಂದು ಪಾಲು ಸಿಗುತ್ತದೆ. ಸಂಬಂಧದ ಹೆಸರುಗಳಂತೂ ಬೇಡವೇ ಬೇಡ. ಒಬ್ಬರಿಗೆ ಕಾಕಾ ಆದವರು ಇನ್ನೊಬ್ಬರಿಗೆ ಮಾವ, ಮುಂದಿನ ತಲೆಗೆ ಅಜ್ಜ. ಹೆಸರು ಮತ್ತು ಮನೆತನದ ಅಡ್ಡಹೆಸರು ಬರೆಯಬೇಕು. ಹೆಣ್ಣುಮಕ್ಕಳಿಗೆ ತವರಿನದನ್ನೇ ಉಳಿಸಿಕೊಂಡರೆ ಮದುವೆಗೆ ಮುಂಚಿನದು ಮತ್ತು ಆಮೇಲಿನದು ಒಟ್ಟಿಗೇ ಸಿಗುತ್ತವೆ.

ಪೂರ್ತಿ ವಿಡಿಯೊ ನೋಡುತ್ತ ಕೂತರೆ ಮುಗಿಯುವ ಕೆಲಸವಲ್ಲ. ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಿಂದ ನಿಮಿಷಕ್ಕೊಂದು ಚಿತ್ರ ತೆಗೆಸಿ, ಒಂದು ಗಂಟೆಯದನ್ನು ಆರು ಅಡ್ಡ ಹತ್ತು ಉದ್ದದ ಒಂದೇ ಹಾಳೆಯಾಗಿ ಮಾಡಿದರೆ ಒಂದೇ ನೋಟಕ್ಕೆ ಊಟದ ಪಂಕ್ತಿ ಎಲ್ಲಿ, ಮೆರವಣಿಗೆ ಎಲ್ಲಿ ಎಂದು ತಿಳಿಯುತ್ತದೆ. ಟ್ಯಾಗ್ ಬರೆಯಲು ಡಿಜಿಕ್ಯಾಮ್ ಎಂಬ ತಂತ್ರಾಂಶ ಬಳಸಿ, ಫೈಲಿನೊಳಗೆ ಬರೆಯುವ ಬದಲು ಪಕ್ಕದಲ್ಲಿ ಟ್ಯಾಗುಗಳಿಗೆಂದೇ ಇರುವ ಚಿಕ್ಕ ಎಕ್ಸ್‌ಎಂಪಿ ಫೈಲಿಗೆ ಬರೆಯುವಂತೆ ಹೊಂದಿಸಿಕೊಳ್ಳಬೇಕು. 13 ಜಿಬಿ ಫೈಲಿನೊಳಗೆ ಒಂದು ಪದ ಸೇರಿಸಲು ಇಡೀ ಫೈಲನ್ನು ಮತ್ತೆ ಬರೆಯಬೇಕಾಗಬಹುದು. ನಡುವೆ ಕರೆಂಟ್ ಹೋದರೆ ಫೈಲೇ ಹೋಗುತ್ತದೆ. ಪಕ್ಕದ ಫೈಲಿನ ತೊಂದರೆ ಒಂದೇ: ವಿಡಿಯೊ ಸರಿಸುವಾಗ ಅದನ್ನೂ ಜೊತೆಗೆ ಒಯ್ಯಬೇಕು, ಹೆಸರು ಬದಲಿಸಿದರೆ ಅದರದ್ದನ್ನೂ ಬದಲಿಸಬೇಕು. ಅದಕ್ಕೇ ಹೆಸರು ಮೊದಲು, ಟ್ಯಾಗ್ ಆಮೇಲೆ.

ನಮ್ಮ ಕಡೆಯ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಾಮಾನ್ಯ ಹಾರ್ಡ್ ಡಿಸ್ಕುಗಳ ಮೇಲ್ಮಿತಿ ಸುಮಾರು 60 ಡಿಗ್ರಿ. ಹೊರಗೆ 42 ಇದ್ದಾಗ ಪ್ಲಾಸ್ಟಿಕ್ ಡಬ್ಬಿಯೊಳಗಿನ ಡಿಸ್ಕ್ ತಾಸುಗಟ್ಟಲೆ ಓಡಿದರೆ ಅದಕ್ಕೆ ಸಮೀಪ ಹೋಗುತ್ತದೆ. ಒಂದು ಟಿಬಿ ನಕಲಾಗಲು ಯುಎಸ್‌ಬಿ 3ರಲ್ಲಿ ಎರಡೂವರೆ ಮೂರು ತಾಸು, ಹಳೇ ಯುಎಸ್‌ಬಿ 2ರಲ್ಲಿ ಎಂಟು ತಾಸು ಬೇಕು. ಆದ್ದರಿಂದ ರಾತ್ರಿ ಶುರುಮಾಡಿ, ಫ್ಯಾನಿನ ಗಾಳಿ ತಾಗುವಂತೆ ಇಟ್ಟು, ದೊಡ್ಡ ಡಿಸ್ಕಿನ ಅಡಾಪ್ಟರನ್ನು ಇನ್ವರ್ಟರ್ ಲೈನಿಗೇ ಚುಚ್ಚಬೇಕು. ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಎಂಬುವು ಡಿಸ್ಕಿನಲ್ಲಿ ಫೈಲು ಜೋಡಿಸುವ ಎರಡು ಪದ್ಧತಿಗಳು. ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿದ ಡಿಸ್ಕು ನಡುವೆ ಕರೆಂಟ್ ಹೋದರೆ ಎನ್‌ಟಿಎಫ್‌ಎಸ್‌ಗಿಂತ ಬೇಗ ಕೆಡುತ್ತದೆ. ವಿಂಡೋಸ್ ಯಂತ್ರಗಳಷ್ಟೇ ಇರುವ ಮನೆಗೆ ಎನ್‌ಟಿಎಫ್‌ಎಸ್ ಒಳ್ಳೆಯದು.

ಕೆಲಸ ಮುಗಿದ ಮೇಲೆ ಮೂರು ಪ್ರತಿ. ಎರಡು ಮನೆಯಲ್ಲಿ, ಬೇರೆ ಬೇರೆ ಕಂಪನಿಯ ಡಿಸ್ಕಿನಲ್ಲಿ. ಮೂರನೆಯದು ರಾಯಚೂರಿನ ಅಕ್ಕನ ಮನೆಯ ತಿಜೋರಿಯಲ್ಲಿ. ಹಬ್ಬಕ್ಕೆ ಹೋದಾಗ ಹೊಸ ಡಿಸ್ಕ್ ಕೊಟ್ಟು ಹಳೆಯದನ್ನು ತಂದು, ಕೆಲಸ ಮುಗಿದಾಗ ಮತ್ತೊಮ್ಮೆ ತೆಗೆದಿಟ್ಟ ಹ್ಯಾಶ್ ಪಟ್ಟಿಯ ಜೊತೆ ತಾಳೆ ನೋಡುವುದು. ಯಾವ ಫೈಲಿನ ಸಂಖ್ಯೆ ಬದಲಾಗಿದೆಯೋ ಅದನ್ನು ಮಾತ್ರ ಇನ್ನೊಂದು ಪ್ರತಿಯಿಂದ ತಿರುಗಿ ಹಾಕಿದರೆ ಆಯಿತು.